ಅಡಗು ವರ್ಗದ ಯುದ್ಧನೌಕೆ

ನಿಮಗೆ ಹಕಾರ ಬರುತ್ತದೆಯೆ? ಬರುವುದಾದರೆ ನೀವು ಪುಣ್ಯವಂತರು. ನನ್ನ ಕಷ್ಟ ನಿಮಗೆ ಪೂರ್ತಿ ತಿಳಿಯಲಿಕ್ಕಿಲ್ಲ. ಆದರೂ ಹೇಳುತ್ತೇನೆ, ಕೇಳಿ.

ಹೋದ ತಿಂಗಳು ಒಂದು ಶುಕ್ರವಾರ ಸಂಜೆ ವಿಶಾಖಪಟ್ಟಣದ ದ್ವಾರಕಾ ನಗರದ ಜೆರಾಕ್ಸ್ ಅಂಗಡಿಯೊಂದರಲ್ಲಿ ನಿಂತು ನನ್ನ ಮೊದಲ ಪುಸ್ತಕದ ಕರಡನ್ನು ಪ್ರಿಂಟ್ ಹಾಕಿಸುತ್ತಿದ್ದೆ. ಬೆಂಗಳೂರಿನ ಪ್ರಕಾಶಕರು ಅದನ್ನು ಕರಡು ತಿದ್ದುವ ಹಿರಿಯರೊಬ್ಬರಿಗೆ ತೋರಿಸಿ, ಅವರು ತಿದ್ದಿದ ಪ್ರತಿಯನ್ನು ಸ್ಕ್ಯಾನ್ ಮಾಡಿ ಕಳಿಸಿದ್ದರು. ಯಂತ್ರದಿಂದ ಹಾಳೆಗಳು ಬೆಚ್ಚಬೆಚ್ಚಗೆ ಹೊರಬರುತ್ತಿದ್ದವು, ಒಂದೊಂದರ ಮೇಲೂ ಕೆಂಪು ಶಾಯಿಯ ಗುರುತು. ಅಂಗಡಿಯಾತ ಹಾಳೆ ಜೋಡಿಸುತ್ತಾ ನನ್ನ ಮುಖ ನೋಡಿ, "ಏಂಟಿ ಮೇಡಂ, ಎವರಿದಿ ಆನ್ಸರ್ ಪೇಪರು? ಪಾಪಂ, ಫೇಲಾ?" ಎಂದು ಮರುಗಿದ. ನನ್ನದೇ ಎಂದು ಹೇಳುವ ಧೈರ್ಯವಾಗಲಿಲ್ಲ.

ನಾನು ಬರೆದದ್ದು ಮಕ್ಕಳ ಕಾದಂಬರಿ. ಭೂಮಿಯಿಂದ ಬಹಳ ದೂರದಲ್ಲಿ ಒಂದು ಬಾಹ್ಯಾಕಾಶ ನೌಕಾಪಡೆ. ಅದರಲ್ಲೊಂದು ಬಗೆಯ ಯುದ್ಧನೌಕೆಗಳಿವೆ. ಚಿಕ್ಕವು, ದುಂಡಗಿನವು, ಮೈಮೇಲೆ ಹೆಸರಿಲ್ಲ, ದೀಪವಿಲ್ಲ. ಇಂಜಿನ್ ನಿಲ್ಲಿಸಿ ಉಲ್ಕೆಗಳ ನಡುವೆ ಬಿದ್ದುಕೊಂಡರೆ ಇದು ನೌಕೆಯೋ ಕಲ್ಲೋ ಎಂದು ಯಾವ ರಾಡಾರಿಗೂ ತಿಳಿಯುವುದಿಲ್ಲ. ಅಡಗಿ ಕೂರುವುದೇ ಅವುಗಳ ಬಲವಾದ್ದರಿಂದ ಅವನ್ನು 'ಅಡಗು ವರ್ಗದ ಹಡಗು' ಎಂದು ಕರೆದಿದ್ದೆ. ಕರಡು ತಿದ್ದುವ ಹಿರಿಯರು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದನ್ನೂ ಬಿಡದೆ ಎಲ್ಲ ಅಡಗುಗಳಿಗೂ ಹಕಾರ ತೊಡಿಸಿದ್ದರು. 'ಹಡಗು ವರ್ಗದ ಹಡಗು' ಎಂದಾಗಿತ್ತು. ಶತ್ರುವನ್ನು ಕಂಡ ಕೂಡಲೇ ನನ್ನ ಕ್ಯಾಪ್ಟನ್ ಹೊನ್ನವ್ವ "ಅಡಗು!" ಎಂದು ಆಜ್ಞೆ ಕೊಡುತ್ತಾಳೆ; ತಿದ್ದಿದ ಮೇಲೆ ಆಕೆ "ಹಡಗು!" ಎಂದು ಕೂಗುತ್ತಿದ್ದಳು, ಸಿಬ್ಬಂದಿಯೆಲ್ಲ ಗಡಿಬಿಡಿಯಿಂದ ದೀಪ ಆರಿಸುತ್ತಿದ್ದರು. ಹಡಗಿನೊಳಗೆ ಕೂತು ಹಡಗು ಎಂದು ಕೂಗಿದರೆ ದೀಪ ಏಕೆ ಆರಿಸಬೇಕು ಎಂದು ಆ ಪುಣ್ಯಾತ್ಮರು ಒಮ್ಮೆಯೂ ಯೋಚಿಸಿದಂತಿರಲಿಲ್ಲ. ಅಂಚಿನಲ್ಲಿ ಒಂದು ಟಿಪ್ಪಣಿ ಇತ್ತು: 'ಲೇಖಕಿಯ ಹಕಾರದೋಷವನ್ನು ಸರಿಪಡಿಸಲಾಗಿದೆ. ಸೋಮವಾರದೊಳಗೆ ಒಪ್ಪಿಗೆ ತಿಳಿಸಿ. ತಪ್ಪಿದರೆ ಪುಸ್ತಕ ಮುಂದಿನ ವರ್ಷಕ್ಕೆ.'

ಹಕಾರದೋಷ ಎಂಬ ಆ ಪದ ನೋಡಿದ್ದೇ ನನಗೆ ಮೈಯೆಲ್ಲ ಉರಿಯಿತು. ಪುಸ್ತಕ ಮುಂದಿನ ವರ್ಷಕ್ಕಲ್ಲ, ಮುಂದಿನ ಜನ್ಮಕ್ಕೆ ಹೋದರೂ ಸರಿ, ನನ್ನ ಅಡಗು ಅಡಗಾಗಿಯೇ ಇರಬೇಕು ಎಂದು ಅಲ್ಲೇ, ಆ ಅಂಗಡಿಯ ಮೆಟ್ಟಿಲ ಮೇಲೆ ನಿಂತು ತೀರ್ಮಾನಿಸಿದೆ.

ನನ್ನ ಹೊಟ್ಟೆಪಾಡು ಔಷಧ ಕಾರ್ಖಾನೆಯೊಂದರ ದಾಖಲೆಗಳ ವಿಭಾಗದಲ್ಲಿ. ಬೇರೆಯವರ ಬರವಣಿಗೆಯಲ್ಲಿ ತಪ್ಪು ಹಿಡಿಯುವುದಕ್ಕೇ ಅವರು ನನಗೆ ಸಂಬಳ ಕೊಡುತ್ತಾರೆ. ನಮ್ಮಲ್ಲಿ ತಪ್ಪನ್ನು ಅಳಿಸುವಂತಿಲ್ಲ. ಯಾರ ಮೇಜಿನ ಮೇಲಾದರೂ ವೈಟ್ನರ್ ಕಂಡರೆ ಅವರ ಕತೆ ಮುಗಿಯಿತು. ತಪ್ಪಿನ ಮೇಲೆ ಒಂದೇ ಒಂದು ಗೆರೆ ಎಳೆಯಬೇಕು, ಅಡಿಯಲ್ಲಿರುವುದು ಓದುವಂತಿರಬೇಕು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಿ, ತಾರೀಕು ಹಾಕಿ, ಕಾರಣ ಬರೆಯಬೇಕು. ಹೊಸದಾಗಿ ಸೇರಿದ ಹುಡುಗಿಯರಿಗೆ ಇದನ್ನು ನಾನು ಎಷ್ಟು ಗಟ್ಟಿಯಾಗಿ ಬೋಧಿಸುತ್ತೇನೆಂದರೆ, ಅವರು ನನ್ನ ಬೆನ್ನ ಹಿಂದೆ ನನಗೆ 'ಒಂದು ಗೆರೆ ಮೇಡಂ' ಎಂದು ಹೆಸರಿಟ್ಟಿದ್ದಾರೆ. ಅಂಥವಳ ಪುಸ್ತಕವೇ ಇಷ್ಟೊಂದು ಗೆರೆ ಹೊಡೆಸಿಕೊಂಡು ಬಂದಿತ್ತು. ಮಾಡಿದ್ದುಣ್ಣೋ ಮಹಾರಾಯ ಎಂದು ನೀವು ನಗಬಹುದು, ನಗಿ.

ನೌಕೆಗಳ ವರ್ಗ ಎಂದರೆ ನಿಜಕ್ಕೂ ಏನೆಂದು ನಾನು ವಿಶಾಖಪಟ್ಟಣಕ್ಕೆ ಬಂದ ಮೇಲೆ ಕಲಿತೆ. ನನ್ನ ಗಂಡನ ಆಫೀಸು ಋಷಿಕೊಂಡದ ಗುಡ್ಡದ ಮೇಲಿದೆ, ಮನೆ ಅಲ್ಲೇ ಕೆಳಗೆ. ತಾರಸಿಯ ಮೇಲೆ ಬಟ್ಟೆ ಒಣಹಾಕುವಾಗ ಸಮುದ್ರದಲ್ಲಿ ಬೂದಿ ಬಣ್ಣದ ಹಡಗುಗಳು ಕಾಣುತ್ತವೆ. ಕೆಳಗಿನ ಮನೆಯಲ್ಲಿ ನೌಕಾಪಡೆಯಿಂದ ನಿವೃತ್ತರಾದವರೊಬ್ಬರಿದ್ದಾರೆ. ಒಂದೇ ನಕ್ಷೆಯ ಮೇಲೆ ಕಟ್ಟಿದ ಹಡಗುಗಳೆಲ್ಲ ಒಂದು ವರ್ಗ, ಮೊದಲು ನೀರಿಗಿಳಿದ ಹಡಗಿನ ಹೆಸರೇ ಆ ವರ್ಗದ ಹೆಸರು ಎಂದು ಅವರು ಹೇಳಿದ್ದರು. ಕೇಳಿ ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು. ಏಕೆಂದರೆ ನನ್ನ ಅಡಗು ವರ್ಗದ ಮೊದಲ ನೌಕೆ ಯಾವುದೆಂದು ನನಗೆ ಗೊತ್ತಿತ್ತು, ಅದರೊಳಗೆ ನಾನು ಕೂತಿದ್ದೆ.

ಅದು ಬೆಲ್ಲ ಕಾಯಿಸುವ ಕೊಪ್ಪರಿಗೆ. ನಮ್ಮೂರು ಮದ್ದೂರಿನಿಂದ ಒಳಗೆ, ಸುತ್ತ ಕಬ್ಬು. ಅಪ್ಪ ಆಲೆಮನೆಯಲ್ಲಿ ಪಾಕದ ಹದ ನೋಡುವ ಕೆಲಸಕ್ಕಿದ್ದ. ಆಲೆಮನೆಯ ಹಿಂದೆ ತಳ ಸೀಳಿದ ಹಳೆಯ ಕೊಪ್ಪರಿಗೆಯೊಂದನ್ನು ಬೋರಲು ಹಾಕಿದ್ದರು. ಒಂದು ಪಕ್ಕಕ್ಕೆ ಕಲ್ಲು ಕೊಟ್ಟು ಎತ್ತಿದ್ದರಿಂದ ನಾನೂ ತಂಗಿ ಮಂಜಿಯೂ ತೆವಳಿಕೊಂಡು ಒಳಗೆ ಸೇರುತ್ತಿದ್ದೆವು. ಪಂಚಾಯಿತಿಯ ಟೀವಿಯಲ್ಲಿ ರಾಕೆಟ್ ಹಾರಿಸಿದ್ದನ್ನು ನೋಡಿದ ಮೇಲೆ ಅದು ನಮ್ಮ ಯುದ್ಧನೌಕೆಯಾಯಿತು. ನಾನು ಕ್ಯಾಪ್ಟನ್. ಮಂಜಿ ಇಂಜಿನ್, ಗುರ್ ಅನ್ನುವುದಷ್ಟೇ ಅವಳ ಕೆಲಸ. ಸೀಳಿನಿಂದ ಬರುವ ಬಿಸಿಲಿನ ಗೆರೆಯಲ್ಲಿ ಬೂದಿಯ ಕಣಗಳು ತೇಲುತ್ತಿದ್ದವು, ಅವು ನಕ್ಷತ್ರ. ಅವ್ವ ಸೌದೆ ತರಲು ಕರೆದಾಗ ನಾನು "ಅಡಗು!" ಎನ್ನುತ್ತಿದ್ದೆ, ಇಂಜಿನ್ ಬಂದ್ ಆಗುತ್ತಿತ್ತು. ಅವ್ವನ ಪಾದ ಕಲ್ಲಿನ ಪಕ್ಕ ಬಂದು ನಿಲ್ಲುತ್ತಿತ್ತು. ನಾವು ಒಳಗಿರುವುದು ಗೊತ್ತಿದ್ದೂ ಅವಳು ಬಗ್ಗಿ ನೋಡುತ್ತಿರಲಿಲ್ಲ. ಕೈಯಲ್ಲಿದ್ದ ಸೌಟಿನಿಂದ ಕೊಪ್ಪರಿಗೆಯ ಮೇಲೊಂದು ಬಾರಿಸಿ ಹೋಗುತ್ತಿದ್ದಳು. ನಮ್ಮ ಕಿವಿ ಮಧ್ಯಾಹ್ನದವರೆಗೂ ಗುಂಯ್ ಎನ್ನುತ್ತಿತ್ತು.

ನಮ್ಮೂರಿನಲ್ಲಿ ಹಕಾರವನ್ನು ಯಾರೂ ಬಳಸುತ್ತಿರಲಿಲ್ಲ. ಹಾಲು ಆಲು, ಹಿಟ್ಟು ಇಟ್ಟು, ಹುಣಸೆಹಣ್ಣು ಉಣ್ಸೆಣ್ಣು. ಅದಿಲ್ಲದೆಯೇ ಮದುವೆಗಳಾಗಿದ್ದವು, ಜಗಳಗಳಾಗಿದ್ದವು, ದೇವರು ಮೈಮೇಲೆ ಬಂದು ಮಾತಾಡುವಾಗಲೂ ಹಕಾರ ಬಿಟ್ಟೇ ಮಾತಾಡುತ್ತಿತ್ತು. ಐದನೇ ಕ್ಲಾಸಿನ ಮೇಷ್ಟ್ರು ಮಾತ್ರ ಹಕಾರ ಕಲಿಸಿಯೇ ಸೈ ಎಂದು ಹಟ ಹಿಡಿದಿದ್ದರು. ಅಂಗೈಯನ್ನು ಬಾಯಿಯ ಮುಂದೆ ಹಿಡಿದು "ಹ" ಎನ್ನಬೇಕು. ಅಂಗೈಗೆ ಬಿಸಿ ತಾಗಿದರೆ ಪಾಸು. ನಾನು ಮೈಯ ಬಲವೆಲ್ಲ ಹಾಕಿ ಕಲಿತೆ. ಕಲಿತ ಉತ್ಸಾಹಕ್ಕೆ ಬೇಡದ ಕಡೆಯೆಲ್ಲ ಹಾಕಿದೆ. ಆಕಾಶ ಹಾಕಾಶವಾಯಿತು, ಆನೆ ಹಾನೆಯಾಯಿತು. ಒಂದು ದಿನ ಮನಸ್ಸಿಗೆ ಬಂದ ವಿಷಯದ ಮೇಲೆ ಪ್ರಬಂಧ ಬರೆಯಿರಿ ಎಂದಾಗ ನಾನು ನನ್ನ ಕೊಪ್ಪರಿಗೆಯ ಮೇಲೆ ಬರೆದೆ. ತಲೆಬರಹ, 'ಹಾಕಾಶದ ಅಡಗು'.

ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದಿದರು. ಹಕಾರ ಬಾರದ ಐವತ್ತು ಮಕ್ಕಳೂ ಬಿದ್ದು ಬಿದ್ದು ನಕ್ಕವು. ಬೇಕಾದ ಕಡೆ ಹಾಕದೆ, ಬೇಡದ ಕಡೆ ಹಾಕಿದ್ದಳಲ್ಲ ಎಂದು. ನನಗೆ ಅಳು ಬಂತು, ಅಳಬಾರದು ಎಂದು ಸಿಟ್ಟು ಬಂತು. ಎದ್ದು ನಿಂತು, "ತಪ್ಪಿಲ್ಲ ಸಾ. ಅವು ಅಡಕ್ಕಳೋ ಅಡಗು ಸಾ. ಅದ್ಕೇಯ ಅಂಗೆ ಬರ್ದಿವ್ನಿ," ಎಂದೆ. ಅಡಗಿಕೊಳ್ಳುವ ಹಡಗು ಎಂದು. ಮೇಷ್ಟ್ರು ಕನ್ನಡಕ ತೆಗೆದು ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ, "ಹಾಗಾದರೆ ಅದನ್ನು ಅಡಗು ವರ್ಗದ ಹಡಗು ಅಂತ ಬರಿ. ಎರಡೂ ಸರಿಯಾಗುತ್ತೆ," ಎಂದರು. ಹೀಗೆ ಒಂದು ತಪ್ಪು, ಒಂದು ಹಟ, ಎರಡೂ ಸೇರಿ ನನ್ನ ನೌಕಾಪಡೆ ಹುಟ್ಟಿತು.

ಅಷ್ಟಕ್ಕೇ ಕತೆ ಮುಗಿದಿದ್ದರೆ ನಾನು ಈಗ ಇಷ್ಟು ಬಡಬಡಿಸುತ್ತಿರಲಿಲ್ಲ. ಮುಂದೆ ನಾನು ಮೈಸೂರಿನ ಹಾಸ್ಟೆಲ್ಲು ಸೇರಿ ಪಿಯುಸಿಗೆ ಹೋದೆ. ಅಲ್ಲಿನ ಹುಡುಗಿಯರ ಬಾಯಲ್ಲಿ ಹಕಾರ ತಾನಾಗಿಯೇ ಬರುತ್ತಿತ್ತು. ನಾನು ಬಚ್ಚಲಿನ ಕನ್ನಡಿಯ ಮುಂದೆ ಅಂಗೈ ಹಿಡಿದು ಅಭ್ಯಾಸ ಮಾಡಿದೆ. ಮೂರು ತಿಂಗಳಿಗೆ ನನ್ನ ಊರು ಯಾವುದೆಂದು ಯಾರೂ ಪತ್ತೆ ಹಚ್ಚದಷ್ಟು ಚೊಕ್ಕವಾಯಿತು. ಆಗ ಅವ್ವ ನೋಡಲು ಬಂದಳು, ಬೆಲ್ಲದಚ್ಚಿನ ಗಂಟು ಹೊತ್ತುಕೊಂಡು. ಗೇಟಿನ ಹತ್ತಿರ ವಾರ್ಡನ್ ನಿಂತಿದ್ದರು, ನನ್ನ ಗೆಳತಿಯರೂ ಇದ್ದರು. ಅವ್ವ ವಾರ್ಡನ್ನರ ಕೈ ಹಿಡಿದುಕೊಂಡು, "ಎಂಗವ್ಳೆ ಕಣವ್ವ ನಮ್ಮೆಣ್ಣು? ಒಟ್ಟೆ ತುಂಬ ಉಣ್ತಾಳಾ?" ಎಂದು ಕೇಳಿದಳು. ಗೆಳತಿಯರು ಮುಖ ಮುಖ ನೋಡಿಕೊಂಡರು. ನಾನು ಅವ್ವನ ಕಿವಿಯ ಹತ್ತಿರ ಬಾಯಿಟ್ಟು, "ನೀನು ಮಾತಾಡಬೇಡ," ಎಂದೆ. ಅದನ್ನೂ ಚೊಕ್ಕ ಕನ್ನಡದಲ್ಲೇ ಹೇಳಿದೆ.

ಅಂದಿನಿಂದ ಅವ್ವ ಪೇಟೆಯವರ ಮುಂದೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಲ್ಲುವುದನ್ನು ಕಲಿತಳು. ಎಂಎಸ್ಸಿ ಓದುವಾಗ ಲ್ಯಾಬಿನಲ್ಲಿ ಪಕ್ಕದ ಟೇಬಲ್ಲಿನ ವಿಜಯವಾಡದ ಹುಡುಗನನ್ನು ಮೆಚ್ಚಿ ನಾನು ಮದುವೆಯಾದೆ. ಮದುವೆ ವಿಜಯವಾಡದಲ್ಲೇ ನಡೆಯಿತು. ಮೂರು ದಿನ ಅವ್ವ ಬಾಯಿ ತೆರೆಯದಿದ್ದದ್ದನ್ನು ನೋಡಿ ನನ್ನ ಅತ್ತೆ ಗುಟ್ಟಾಗಿ, "ವದಿನಗಾರಿಕಿ ಮಾಟ ರಾದಾ ಅಮ್ಮಾ?" ಎಂದು ನನ್ನನ್ನು ಕೇಳಿದರು. ಬೀಗಿತ್ತಿಗೆ ಮಾತು ಬರುವುದಿಲ್ಲವೆ ಎಂದು. ಸುಸ್ತಾಗಿದ್ದಾಳೆ ಎಂದು ಸುಳ್ಳು ಹೇಳಿದೆ.

ತಮಾಷೆಯೆಂದರೆ ವಿಜಯವಾಡದಲ್ಲಿ ಅವ್ವನಷ್ಟು ಸಲೀಸಾಗಿ ಮಾತಾಡಬಲ್ಲವರು ನಮ್ಮ ಕಡೆಯಿಂದ ಬೇರೆ ಯಾರೂ ಇರಲಿಲ್ಲ. ಅಲ್ಲಿ ಹುರುಳಿಯ ಸಾರಿಗೆ ಉಲವಚಾರು ಎನ್ನುತ್ತಾರೆ. ಹುರುಳಿ ಅವರಿಗೆ ಉಲವಲು, ಅವ್ವನಿಗೆ ಉಳ್ಳಿ. ನಡುವೆ ಹುರುಳಿ ಎಂದು ಉಸಿರು ಖರ್ಚು ಮಾಡುತ್ತಿದ್ದವಳು ನಾನೊಬ್ಬಳೇ. ಅವ್ವ ಒಮ್ಮೆ ಬಾಯಿ ಬಿಟ್ಟಿದ್ದರೆ ಬೀಗಿತ್ತಿಯರಿಬ್ಬರೂ ಸಾರಿನ ದಾರಿ ಹಿಡಿದು ಎಲ್ಲಿಂದೆಲ್ಲಿಗೋ ಹೋಗಿಬಿಡುತ್ತಿದ್ದರು. ಇದು ನನಗೆ ಹೊಳೆದದ್ದು ಮದುವೆಯಾಗಿ ಹತ್ತು ವರ್ಷದ ಮೇಲೆ, ಅತ್ತೆ ಬಡಿಸುತ್ತಿದ್ದಾಗ.

ಈಗ ಆ ಶುಕ್ರವಾರದ ಮರುದಿನಕ್ಕೆ ಬರುತ್ತೇನೆ. ಎರಡನೇ ಶನಿವಾರ, ಅತ್ತೆಯನ್ನು ನೋಡಲು ನಾನೂ ಮಗಳೂ ಬೆಳಗಿನ ರೈಲಿನಲ್ಲಿ ವಿಜಯವಾಡಕ್ಕೆ ಹೊರಟೆವು. ಮಗಳಿಗೆ ಹದಿನಾಲ್ಕು ವರ್ಷ. ಹೆಸರು ಸಾಹಿತಿ. ಆಂಧ್ರದಲ್ಲಿ ಹೆಣ್ಣುಮಕ್ಕಳಿಗೆ ಈ ಹೆಸರಿಡುವುದು ಬಹಳ ಮಾಮೂಲು. ಮಂಡ್ಯಕ್ಕೆ ಹೋದಾಗ ಮಾತ್ರ ಎಲ್ಲರೂ, "ಏನಮ್ಮ, ಎಷ್ಟು ಪುಸ್ತಕ ಬರೆದಿದ್ದೀಯ?" ಎಂದು ಅವಳನ್ನು ಗೋಳು ಹೊಯ್ದುಕೊಳ್ಳುತ್ತಾರೆ. ತೆಲುಗಿನಲ್ಲಿ ಅವಳು ಅರಳು ಹುರಿದಂತೆ ಮಾತಾಡುತ್ತಾಳೆ. ಕನ್ನಡ ನನ್ನೊಂದಿಗೆ ಮಾತ್ರ, ಅದೂ ನಾನು ಕಲಿಸಿದ ಇಸ್ತ್ರಿ ಹಾಕಿದ ಕನ್ನಡ, ನಡುನಡುವೆ ತೆಲುಗು. ಕನ್ನಡದ ಅಕ್ಷರಗಳನ್ನು ಅವಳು ತೆಲುಗಿನ ಅಂದಾಜಿನ ಮೇಲೆ ಓದುತ್ತಾಳೆ. ನಾನು ಕರಡಿನ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಕೆಂಪು ಹಕಾರಗಳ ಮೇಲೆ ಒಂದೊಂದು ಗೆರೆ ಎಳೆದು ಸಹಿ ಹಾಕುತ್ತಿದ್ದೆ. ಅವಳು ಕೊನೆಯ ಅಧ್ಯಾಯವನ್ನು ಎಳೆದುಕೊಂಡಳು. ಯಾವ ಪುಸ್ತಕವನ್ನಾದರೂ ಅವಳು ಓದಲು ಶುರುಮಾಡುವುದು ಕೊನೆಯಿಂದಲೇ.

ತುನಿ ದಾಟಿದ ಮೇಲೆ ಅವಳು ತಲೆಯೆತ್ತಿದಳು.

"ಅಮ್ಮಾ, ಈ ಷಿಪ್ ಯಾರನ್ನ ಅಡಗುತ್ತೆ?"

ವ್ಯಾಕರಣ ಕೆಟ್ಟಿದೆ ಎಂದುಕೊಂಡು, "ಯಾರನ್ನೂ ಅಲ್ಲ. ತಾನೇ ಅಡಗುತ್ತೆ," ಎಂದೆ.

"ತನ್ನನ್ನ ತಾನೇನಾ? ವೇಸ್ಟ್ ಕದಾ. ಎದುರಿಗೆ ಬಂದವರನ್ನ ಅಡಗಬೇಕು."

"ಎದುರಿಗೆ ಬಂದವರಿಂದ ಅಡಗಬೇಕು."

"ಅದೇ ಅಮ್ಮಾ. ಅಡಗಿದ್ರೆ ಅವರು ಹೇಳ್ತಾರೆ."

"ಅಡಗಿದ್ದು ಗೊತ್ತಾದರೆ ತಾನೆ ಹೇಳೋದು? ಉಸಿರೆತ್ತದೆ ಇದ್ದರೆ ಯಾರಿಗೂ ಗೊತ್ತಾಗಲ್ಲ."

"ಉಸಿರೆತ್ತದೆ ಹೇಗೆ ಅಡಗೋದು?" ಅವಳಿಗೆ ನನ್ನ ಬುದ್ಧಿಯ ಮೇಲೆಯೇ ಅನುಮಾನ ಬಂದಂತಿತ್ತು. "ಬಾಯಿ ಬಿಟ್ಟು ಅಡಗಬೇಕು ಕದಾ! ನೀವು ಎವರು, ಎಲ್ಲಿಂದ ಬಂದ್ರಿ, ಅಂತ."

ಆಗ ನನ್ನ ಪೆನ್ನು ನಿಂತಿತು. ತೆಲುಗಿನಲ್ಲಿ 'ಅಡುಗು' ಎಂದರೆ ಕೇಳು. ಪ್ರಶ್ನೆ ಕೇಳುವುದು. ಅಷ್ಟು ವರ್ಷ ಆ ಊರಿನಲ್ಲಿದ್ದು, ಬಸ್ಸಿನಲ್ಲಿ ದಾರಿ ಅಡುಗಿ, ತರಕಾರಿಯವಳ ಹತ್ತಿರ ರೇಟು ಅಡುಗಿ, ನನ್ನ ಅಡಗಿನ ಪಕ್ಕದಲ್ಲೇ ಈ ಅಡುಗು ಇರುವುದು ನನಗೆ ಕಂಡಿರಲಿಲ್ಲ. ಕನ್ನಡದ ಅಡಗು ಅವಳಿಗೆ ಗೊತ್ತೇ ಇರಲಿಲ್ಲ. ಮನೆಯಲ್ಲಿ ನಾನು ಬಚ್ಚಿಟ್ಟುಕೋ ಎನ್ನುತ್ತಿದ್ದೆ. ಅಡಗು ಎನ್ನುವ ಮಾತನ್ನು ಕೊಪ್ಪರಿಗೆಯ ಜೊತೆಗೆ ಊರಿನಲ್ಲೇ ಬಿಟ್ಟು ಬಂದಿದ್ದೆ. ನಾನು ನಕ್ಕು ಅರ್ಥ ಹೇಳಿದೆ. ಅವಳಿಗೆ ನಗು ಬರಲಿಲ್ಲ.

"ಹಾಗಾದ್ರೆ ಕೊನೇಲಿ ಹೊನ್ನವ್ವ ಬಚ್ಚಿಟ್ಕೊಂಡು, ಸಡನ್ನಾಗಿ ಬಂದು ಆ ದೊಡ್ಡ ಷಿಪ್‌ನ ಹೊಡೆದುಬಿಡ್ತಾಳೆ. ಅಷ್ಟೇನಾ?"

"ಅಷ್ಟೇ. ಅವರು ಶತ್ರುಗಳು."

"ಅಡುಗಿದಳಾ?"

ಇಲ್ಲ, ಕೇಳಿರಲಿಲ್ಲ. ಕೇಳುವ ಒಂದು ಸಾಲನ್ನೂ ನಾನು ಬರೆದಿರಲಿಲ್ಲ. ಎರಡು ವರ್ಷ ಕಾರ್ಖಾನೆಯ ಬಸ್ಸಿನಲ್ಲಿ ಕೂತು ಫೋನಿನ ಮೇಲೆ ಬೆರಳು ಸವೆಸಿ ಬರೆದ ಕಾದಂಬರಿಗೆ ಈ ಚೋಟುದ್ದದ ಹುಡುಗಿ ಕೊಕ್ಕೆ ಹಾಕಿದಳಲ್ಲ ಎಂದು ಸಿಟ್ಟು ಬಂತು. "ನೀನು ಮೊದಲು ಕನ್ನಡ ನೆಟ್ಟಗೆ ಓದೋದು ಕಲಿ," ಎಂದೆ. ಅವಳು ಇಯರ್‌ಫೋನ್ ಸಿಕ್ಕಿಸಿಕೊಂಡು ಕಿಟಕಿಯ ಕಡೆ ತಿರುಗಿದಳು. ರಾಜಮಂಡ್ರಿಯ ಸೇತುವೆಯ ಮೇಲೆ ರೈಲು ಹೋಗುವಷ್ಟು ಹೊತ್ತೂ ನಾನು ಒಂದೇ ಹಾಳೆಯನ್ನು ನೋಡುತ್ತಾ ಕೂತಿದ್ದೆ. ಏಲೂರು ಬರುವ ಹೊತ್ತಿಗೆ ಅವಳು ಹೇಳಿದ್ದೇ ಸರಿ ಎಂದು ನನಗೆ ಮನವರಿಕೆಯಾಗಿತ್ತು, ಅವಳಿಗೆ ಹೇಳಲು ಮಾತ್ರ ಬಿಂಕ ಬಿಡಲಿಲ್ಲ.

ಭಾನುವಾರ ಬೆಳಿಗ್ಗೆ ಅತ್ತೆಯ ಮನೆಯ ಪಡಸಾಲೆಯಲ್ಲಿ ಪೆಸರಟ್ಟು ತಿಂದು, ಕೈ ತೊಳೆದು, ಕೊನೆಯ ಪುಟವನ್ನು ಹೊಸದಾಗಿ ಬರೆದೆ. ಹೊನ್ನವ್ವ ಉಲ್ಕೆಯ ಮರೆಯಿಂದ ಹೊರಗೆ ಬರುತ್ತಾಳೆ. ದೀಪಗಳನ್ನೆಲ್ಲ ಹೊತ್ತಿಸಲು ಹೇಳುತ್ತಾಳೆ. ಗುಂಡಿಯ ಮೇಲಿನ ಬೆರಳು ತೆಗೆದು ರೇಡಿಯೋ ಎತ್ತಿಕೊಂಡು, ಎದುರಿನ ದೊಡ್ಡ ನೌಕೆಯನ್ನು ಕೇಳುತ್ತಾಳೆ: "ಯಾರ್ರಪ್ಪಾ ನೀವು? ಯಾವೂರು? ಉಂಡ್ರಾ?" ನಮ್ಮ ಕಡೆ ಯುದ್ಧವೇ ಆಗುವುದಿದ್ದರೂ ಮೊದಲು ಕೇಳುವ ಪ್ರಶ್ನೆಗಳು ಇವೇ. ಕೊಪ್ಪರಿಗೆಯ ಪ್ರಬಂಧದ ನಂತರ ನಾನು ಊರಿನ ಆ ಕನ್ನಡದಲ್ಲಿ ಏನನ್ನೂ ಬರೆದಿರಲಿಲ್ಲ.

ಬರೆದದ್ದರ ಫೋಟೋ ಕಳಿಸಿ, ಕರಡು ತಿದ್ದುವ ಹಿರಿಯರಿಗೆ ಫೋನ್ ಮಾಡಿದೆ. ಭಾನುವಾರವಾದರೂ ಎತ್ತಿದರು, ಸಂಭಾವಿತರು. ಕೊನೆಯ ಪುಟವನ್ನು ಬದಲಿಸಬಹುದು, ಒಂದು ಸಾಲೂ ಹೆಚ್ಚಾಗಬಾರದು ಎಂದರು. ಒಪ್ಪಿದೆ. ಆಮೇಲೆ ಅಡಗಿನ ವಿಷಯ ಎತ್ತಿದೆ. ಅದು ನೌಕೆಯ ವರ್ಗದ ಹೆಸರು, ತಪ್ಪಲ್ಲ ಎಂದು ನನ್ನ ಚೊಕ್ಕ ಕನ್ನಡದಲ್ಲಿ ವಿವರಿಸಿದೆ. ಅವರು ಸಾವಧಾನವಾಗಿ ಕೇಳಿದರು.

"ಅರ್ಥವಾಯಿತು ಮೇಡಂ. ಆದರೂ ಹೆಸರು ಬೇರೆ ಇಡಿ. ಗುಪ್ತ ವರ್ಗ ಅನ್ನಿ, ನಿಗೂಢ ವರ್ಗ ಅನ್ನಿ. ನಿಮ್ಮ ಒಳ್ಳೆಯದಕ್ಕೇ ಹೇಳ್ತಿದ್ದೇನೆ. ಅಡಗು ಅಂತ ನೋಡಿದ ತಕ್ಷಣ ಜನ ನಗ್ತಾರೆ. ಲೇಖಕಿ ಮಂಡ್ಯದ ಕಡೆ ಹಳ್ಳಿಯವರು, ಹಕಾರ ಬರೋದಿಲ್ಲ ಅಂದುಕೊಳ್ತಾರೆ."

ನನ್ನ ನಾಲಿಗೆಯ ಮೇಲೆ ಒಂದು ಒಳ್ಳೆಯ ವಾಕ್ಯ ಸಿದ್ಧವಾಗಿತ್ತು, 'ಹಾಗೇನೂ ಅಂದುಕೊಳ್ಳುವುದಿಲ್ಲ ಸರ್' ಎಂದು. ಹಕಾರದಿಂದಲೇ ಶುರುವಾಗುವ ವಾಕ್ಯ. ಅದು ಹೊರಗೆ ಬರಲಿಲ್ಲ.

"ಔದು ಸಾ," ಎಂದೆ. "ನಾನು ಮಂಡ್ಯದ್ ಕಡೆ ಅಳ್ಳಿಯೋಳೇ. ನಮ್ಮವ್ವಂಗೆ ಅಕಾರ ಬರಾಕಿಲ್ಲ, ನಂಗೂ ಬರಾಕಿಲ್ಲ. ನಗೋರು ನಗ್ಲಿ ಬುಡಿ. ಅಡಗು ಅಂತ್ಲೇ ಇರ್ಲಿ ಸಾ, ಒಂದೇ ಒಂದ್ ಅಕ್ಸರಾನೂವೆ ಮುಟ್‌ಬ್ಯಾಡಿ. ಮುಂದಿನ್ ವರ್ಸಕ್ಕೆ ಓದ್ರೂ ಓಗ್ಲಿ."

ಅವರು ಮೆತ್ತಗೆ, "ಆಗಲಿ ಮೇಡಂ, ನಿಮ್ಮ ಇಷ್ಟ. ಈ ವರ್ಷಕ್ಕೇ ಹಾಕೋಣ," ಎಂದು ಫೋನಿಟ್ಟರು. ಗೆದ್ದೆ ಎಂದುಕೊಂಡು ತಿರುಗಿದರೆ, ಬಾಗಿಲಲ್ಲಿ ಸಾಹಿತಿ ನಿಂತಿದ್ದಳು.

"ಅಮ್ಮಾ, ಅದು ಯಾವ ಭಾಷೆ?"

"ಕನ್ನಡ."

"ಕಾದು, ಕನ್ನಡ ಅಲ್ಲ. ನಿನ್ನ ಕನ್ನಡ ನಂಗೆ ಗೊತ್ತು. ಇದು ಅವ್ವ ಮಾತಾಡೋದು. ನಿಂಗೆ ಬರುತ್ತಾ? ಮತ್ತೆ ನಂಗೆ ಯಾಕೆ ಹೇಳ್ಕೊಡಲಿಲ್ಲ, ಎಂದುಕು?"

ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಸ್ಟೆಲ್ಲಿನ ಗೇಟಿನ ಕತೆ ಹೇಳಿದೆ. ಯಾರಿಗೂ, ನನ್ನ ಗಂಡನಿಗೂ ಹೇಳಿರಲಿಲ್ಲ. ಹೇಳುವಾಗ ನನ್ನನ್ನು ಸ್ವಲ್ಪ ಕಾಪಾಡಿಕೊಳ್ಳಲು ನೋಡಿದೆ. ಚಿಕ್ಕ ವಯಸ್ಸು, ಗೆಳತಿಯರ ಮುಂದೆ, ಹೀಗೆಲ್ಲ. ಅವಳು ನಡುವೆ ಬಾಯಿ ಹಾಕದೆ ಕೇಳಿದಳು. ಕೇಳಿ ಮುಗಿದ ಮೇಲೆ ಒಂದೇ ಪ್ರಶ್ನೆ.

"ಅವ್ವಗೆ ಬಾಧ ಆಯ್ತಾ ಅಂತ ಅಡುಗಿದ್ಯಾ?"

ಇಪ್ಪತ್ತೆಂಟು ವರ್ಷಗಳಲ್ಲಿ ನಾನು ಅವ್ವನಿಗೆ ಸೀರೆ ಕೊಡಿಸಿದ್ದೆ, ಕಣ್ಣಿನ ಆಪರೇಷನ್ ಮಾಡಿಸಿದ್ದೆ, ಮಂಜಿಯ ಮನೆಯಲ್ಲಿರುವ ಅವಳಿಗೆ ಪ್ರತಿ ವಾರ ಫೋನ್ ಮಾಡಿ ಮಾತ್ರೆ ತೆಗೆದುಕೊಂಡೆಯಾ ಎಂದು ವಿಚಾರಿಸುತ್ತಿದ್ದೆ. ಇದೊಂದನ್ನು ಕೇಳಿರಲಿಲ್ಲ. ನನಗೆ ಮಗಳ ಮುಖ ನೋಡಲು ನಾಚಿಕೆಯಾಯಿತು. ಹೆದರಿಕೆಯೂ ಆಯಿತು. ಆದರೆ ಈಗ ಬಿಟ್ಟರೆ ಇನ್ನು ಕೇಳುವುದಿಲ್ಲ ಎಂದು ನನ್ನ ಜಾತಕ ನನಗೆ ಗೊತ್ತಿದ್ದರಿಂದ, ಅಲ್ಲೇ ಅವಳ ಮುಂದೆಯೇ ಅವ್ವನ ನಂಬರು ಒತ್ತಿದೆ.

"ಅವ್ವಾ," ಎಂದೆ. "ಅವತ್ತು ಆಸ್ಟಲ್ ಗೇಟ್ ತಾವ ನಿನ್ನ ಮಾತಾಡಬ್ಯಾಡ ಅಂದಿದ್ನಲ್ಲ. ನೆಪ್ಪದಾ?"

"ನೆಪ್ಪಿಲ್ದೆ ಏನು?"

"ಬೇಜಾರಾಯ್ತಾ ಅವ್ವಾ?"

ಆ ಕಡೆ ಒಲೆಯ ಮೇಲೆ ಏನೋ ಕೊತಕೊತ ಕುದಿಯುವ ಸದ್ದು ಕೇಳುತ್ತಿತ್ತು. ಸಾಹಿತಿ ನನ್ನ ಭುಜಕ್ಕೆ ಕಿವಿ ತಂದು ಒತ್ತಿಕೊಂಡಿದ್ದಳು.

"ಆಗ್ದೆ ಇರ್ತದಾ? ಆಯ್ತು," ಎಂದಳು ಅವ್ವ. "ಬಸ್ಸಲ್ಲಿ ಅತ್ಕಂಡೇ ಬಂದೆ ಕಣವ್ವ. ಅವತ್ತಿಂದ ಕಾಯ್ತಾನೇ ಇವ್ನಿ, ಇವ್ಳು ಯಾವತ್ ಕೇಳಾಳು ಅಂತವ."

ನಾನು ಫೋನನ್ನು ನಮ್ಮಿಬ್ಬರ ಕಿವಿಗಳ ನಡುವೆ ಹಿಡಿದೆ.

"ಇಟ್ಟು ತಳ ಇಡಿತಾ ಅದೆ," ಎಂದಳು ಅವ್ವ. "ಇರು, ಒಲೆ ಆರ್ಸ್‌ಬುಟ್ ಬತ್ತೀನಿ. ಪೋನ್ ಮಡಗ್‌ಬ್ಯಾಡ."

ನಾನೂ ಸಾಹಿತಿಯೂ ಫೋನ್ ಹಿಡಿದುಕೊಂಡು ಕಾದೆವು.